ಬೆಂಕಿಗೆ ಹೋದ ಸರಕಿಗೆ ಬೆಲೆ ಕಟ್ಟಿದ ಕಥೆ



ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಬೆಂಕಿ ವಿಮೆಯ ವಿಷಯದಲ್ಲಂತೂ ಈ ಮಾತು ನೂರಕ್ಕೆ ನೂರು ಸತ್ಯ. ನಮ್ಮ ಸಂಘದಲ್ಲಿ ಬೇಸಾಯಗಾರರಷ್ಟೇ ಅಲ್ಲ, ನೂಲು ತಂದು ನೇಯುವವರು, ಅಗರಬತ್ತಿ ಹೊಸೆಯುವ ಅಕ್ಕತಂಗಿಯರು, ಬಿದಿರು ಕೆಲಸದವರೂ ಇದ್ದಾರೆ. ಇವರ ಬಂಡವಾಳ ಬ್ಯಾಂಕಿನಲ್ಲಿ ಇರುವುದಿಲ್ಲ, ಮನೆಯ ಮೂಲೆಯಲ್ಲಿ ಇರುತ್ತದೆ. ಅದು ಸುಟ್ಟು ಹೋದರೆ ನ್ಯಾಯವಾದ ಬೆಲೆ ಸಿಗುವುದು ಹೇಗೆ? ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ. ತಿಳಿದಷ್ಟನ್ನು ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ವಿಮೆ ಹುಟ್ಟಿದ ಬಗೆ

1666ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಒಂದು ಬ್ರೆಡ್ಡಿನ ಅಂಗಡಿಯಲ್ಲಿ ಹತ್ತಿದ ಬೆಂಕಿ ನಾಲ್ಕು ದಿನ ಉರಿದು ಸುಮಾರು 13,200 ಮನೆಗಳನ್ನು ನುಂಗಿತು. ಆ ಅನಾಹುತದ ನಂತರವೇ ಅಲ್ಲಿ ಬೆಂಕಿ ವಿಮೆಯ ಕಚೇರಿಗಳು ಶುರುವಾದವು. ನಮ್ಮ ದೇಶದಲ್ಲಿ 1850ರಲ್ಲಿ ಕಲ್ಕತ್ತೆಯಲ್ಲಿ ಟ್ರೈಟನ್ ಎಂಬ ಕಂಪನಿ ಹುಟ್ಟಿತು. ಆದರೆ ಅದೆಲ್ಲ ಹಡಗು, ಗೋದಾಮು, ಗಿರಣಿ ಇದ್ದವರಿಗೆ. ಮಗ್ಗದವನ ಮನೆ ಬಾಗಿಲಿಗೆ ಯಾರೂ ಬರಲಿಲ್ಲ.

ಬೆಂಕಿಗೆ ಬಡವ ಬಲ್ಲಿದ ಅನ್ನುವ ಭೇದ ಇಲ್ಲ. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಮೈಸೂರಿನ ಹಳೆಯ ಮರದ ಅರಮನೆಯೇ ಸುಟ್ಟು ಹೋಯಿತು. ಹೊಸ ಅರಮನೆ 1912ರ ಹೊತ್ತಿಗೆ ಎದ್ದಿತು. ಅರಸರಿಗೆ ಮತ್ತೆ ಕಟ್ಟಿಸುವ ಶಕ್ತಿ ಇತ್ತು. ಮಗ್ಗ ಸುಟ್ಟುಹೋದ ನೇಕಾರನಿಗೆ ನೆಂಟರು, ಕುಲಸ್ಥರು, ಇಲ್ಲವೇ ಸಾಹುಕಾರನ ಸಾಲ, ಇಷ್ಟೇ ದಿಕ್ಕು. ಮೈಸೂರು ಸರ್ಕಾರ 1891ರಲ್ಲೇ ವಿಮಾ ಇಲಾಖೆ ತೆರೆದಿತ್ತು, ಆದರೆ ಅದು ಸರ್ಕಾರಿ ನೌಕರರ ಜೀವ ವಿಮೆಗಾಗಿ. ಸಾಹುಕಾರನ ಸಾಲದಿಂದ ಬಿಡಿಸಲು ಬಂದದ್ದು ಸಹಕಾರ. 1904ರಲ್ಲಿ ಕಾಯಿದೆ ಆಯಿತು, 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನಾವೂ ಅದೇ ಬಳ್ಳಿಯ ಕುಡಿ.

ಶ್ರೀರಾಂಪುರದ ಓಣಿಗಳು

ಬೆಂಗಳೂರಿನ ಶ್ರೀರಾಂಪುರ ನಮ್ಮ ಕಡೆಯ ಅನೇಕರಿಗೆ ಪರಿಚಿತ. 1898ರ ಪ್ಲೇಗಿನ ನಂತರ ಪಕ್ಕದ ಮಲ್ಲೇಶ್ವರ ಅಗಲವಾದ ಬೀದಿಗಳ ಬಡಾವಣೆಯಾಗಿ ಬೆಳೆಯಿತು. ಶ್ರೀರಾಂಪುರ ಮಾತ್ರ ಗಿರಣಿ ಕಾರ್ಮಿಕರ, ದುಡಿಯುವ ಜನರ ಇಕ್ಕಟ್ಟಿನ ಓಣಿಗಳ ಪೇಟೆ ಆಯಿತು. ಬಿನ್ನಿ ಮಿಲ್ಲು, ರಾಜಾ ಮಿಲ್ಲು, ಮಿನರ್ವ ಮಿಲ್ಲು ಅಂದರೆ ಆಗ ಮನೆಮಾತು. ಈಗ ಆ ಗಿರಣಿಗಳ ಸದ್ದಿಲ್ಲ. ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಮಾಲ್ ಎದ್ದಿದೆ, 2014ರಿಂದ ಶ್ರೀರಾಂಪುರಕ್ಕೆ ಮೆಟ್ರೋ ರೈಲೂ ಬರುತ್ತಿದೆ.

ಗಿರಣಿಗೆ ಹೋಗಿ ದುಡಿಯುವವನ ಮನೆ ಸುಟ್ಟರೆ ಪಾತ್ರೆ ಪಗಡಿ ಹೋಗುತ್ತದೆ, ಆದರೆ ಅವನು ಕೆಲಸ ಮಾಡುವ ಹತ್ತಿ ನೂಲು ಮಾಲೀಕನ ಗೋದಾಮಿನಲ್ಲಿರುತ್ತದೆ, ಅದಕ್ಕೆ ವಿಮೆಯೂ ಇರುತ್ತದೆ. ಮನೆಯಲ್ಲೇ ಕುಳಿತು ಕಸುಬು ಮಾಡುವವರ ಪಾಡು ಬೇರೆ. ವಠಾರದ ಒಂದೇ ಕೋಣೆಯಲ್ಲಿ ಒಲೆ, ಮಕ್ಕಳ ಹಾಸಿಗೆ, ಇದ್ದಿಲು ಪುಡಿ, ಜಿಗಟು ಪುಡಿ, ಬಿದಿರು ಕಡ್ಡಿ ಎಲ್ಲಾ ಒಟ್ಟಿಗೆ. ಒಂದು ಕಿಡಿ ಸಾಕು. ಊಟವೂ ಹೋಯ್ತು, ಉದ್ಯೋಗವೂ ಹೋಯ್ತು. ನಮ್ಮ ಹಳ್ಳಿಯ ಮನೆಗಳ ಸ್ಥಿತಿಯೂ ಇದಕ್ಕಿಂತ ಬೇರೆ ಇಲ್ಲ.

ಕಾನೂನು ಬಂದ ದಾರಿ

1938ರಲ್ಲಿ ವಿಮಾ ಕಾಯಿದೆ ಬಂತು. 1968ರ ತಿದ್ದುಪಡಿಯಲ್ಲಿ ಒಂದು ಮಿತಿಗಿಂತ ದೊಡ್ಡ ನಷ್ಟವನ್ನು ಪರವಾನಗಿ ಪಡೆದ ಸರ್ವೇಯರೇ ನೋಡಿ ಲೆಕ್ಕ ಹಾಕಬೇಕು ಎಂದಾಯಿತು. 1972ರ ಕಾಯಿದೆಯಿಂದ 107 ಕಂಪನಿಗಳು ಸೇರಿ, 1973ರ ಜನವರಿ 1ರಿಂದ ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳಾದವು. ಅಲ್ಲಿಂದ ವಿಮೆ ಸಣ್ಣ ಊರುಗಳಿಗೂ ಬಂತು. 1986ರಲ್ಲಿ ಗ್ರಾಹಕರ ಕಾಯಿದೆ, 1998ರಲ್ಲಿ ವಿಮಾ ಒಂಬುಡ್ಸ್‌ಮನ್ ವ್ಯವಸ್ಥೆ, 1999ರ ಕಾಯಿದೆಯಿಂದ ಪ್ರಾಧಿಕಾರ, ಹೀಗೆ ಒಂದೊಂದೇ ಮೆಟ್ಟಿಲು.

ಬಾಗಿಲು ತೆರೆಯಿತು ನಿಜ. ಆದರೆ ಒಳಗೆ ಹೋದ ಮೇಲೆ ಕೈಗೆ ಎಷ್ಟು ಬರುತ್ತದೆ ಅನ್ನುವುದು ಬೇರೆ ಮಾತು.

ಕೈಗೆ ಕಡಿಮೆ ಬರುವುದು ಏಕೆ?

ಮೊದಲನೆಯದು, ಸರಾಸರಿ ಷರತ್ತು. ಕಚೇರಿಯವರು ಆವರೇಜ್ ಅನ್ನುತ್ತಾರೆ. ಉದಾಹರಣೆಗೆ, ಮನೆಯಲ್ಲಿ 2 ಲಕ್ಷದ ನೂಲು ಇದೆ, ವಿಮೆ ಮಾಡಿಸಿದ್ದು 1 ಲಕ್ಷಕ್ಕೆ, ಸುಟ್ಟದ್ದು 60 ಸಾವಿರದ್ದು ಅಂತ ಇಟ್ಟುಕೊಳ್ಳಿ. ಒಂದು ಲಕ್ಷದ ಒಳಗೇ ಇದೆಯಲ್ಲ, ಪೂರ್ತಿ 60 ಸಾವಿರ ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಬರುವುದು 30 ಸಾವಿರ. ಅರ್ಧ ಸರಕಿಗೆ ವಿಮೆ, ಆದ್ದರಿಂದ ಅರ್ಧ ನಷ್ಟಕ್ಕೆ ಪರಿಹಾರ. ಉಳಿದರ್ಧಕ್ಕೆ ನಾವೇ ಹೊಣೆ. ಇದು ಮೋಸ ಅಲ್ಲ, ಪಾಲಿಸಿಯಲ್ಲೇ ಅಚ್ಚಾಗಿರುವ ಷರತ್ತು.

ಇಲ್ಲಿ ಸಾಲ ಕೊಡುವ ಸಂಸ್ಥೆಗಳಿಗೂ ಒಂದು ಪಾಠ ಇದೆ. ಸರಕಿನ ಆಧಾರದ ಮೇಲೆ 1 ಲಕ್ಷ ಸಾಲ ಕೊಟ್ಟಾಗ ಅನೇಕ ಕಡೆ ವಿಮೆಯನ್ನೂ 1 ಲಕ್ಷಕ್ಕೇ ಮಾಡಿಸಿಬಿಡುತ್ತಾರೆ. ಸಾಲಕ್ಕೆ ಭದ್ರತೆ ಆಯ್ತು ಅನ್ನುವ ಲೆಕ್ಕ. ಆದರೆ ಬೆಂಕಿ ಬಿದ್ದ ದಿನ ಸರಾಸರಿ ಷರತ್ತು ಬಂದು ಕೂರುತ್ತದೆ. ಬಂದ ಹಣ ಮೊದಲು ಸಾಲಕ್ಕೆ ಜಮಾ ಆಗುತ್ತದೆ, ಸದಸ್ಯನ ಕೈ ಖಾಲಿ. ಆದ್ದರಿಂದ ವಿಮೆ ಸಾಲದ ಮೊತ್ತಕ್ಕಲ್ಲ, ಸರಕಿನ ಪೂರ್ತಿ ಬೆಲೆಗೆ ಇರಬೇಕು.

ಎರಡನೆಯದು, ಸರಕು ಯಾರದು? ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ 1975ರಿಂದ ನೇಕಾರರಿಗೆ ನೂಲು ಕೊಟ್ಟು ಕೂಲಿ ಕೊಡುವ ಪದ್ಧತಿ ನಡೆಸಿಕೊಂಡು ಬಂದಿದೆ. ಖಾಸಗಿ ಸಾಹುಕಾರರೂ ಹಾಗೆಯೇ. ಅಗರಬತ್ತಿಯಲ್ಲಿ ಗುತ್ತಿಗೆದಾರರು ಸಾಮಾನು ಕೊಟ್ಟು ಸಾವಿರ ಕಡ್ಡಿಗೆ ಇಷ್ಟು ಅಂತ ಮಜೂರಿ ಕೊಡುತ್ತಾರೆ. ಸರಕು ಇರುವುದು ನಮ್ಮ ಮನೆಯಲ್ಲಿ, ಒಡೆತನ ಇನ್ನೊಬ್ಬರದು. ಹೀಗೆ ನಂಬಿಕೆಯ ಮೇಲೆ ಇಟ್ಟುಕೊಂಡ ಮಾಲು ಎಂದು ಪಾಲಿಸಿಯಲ್ಲಿ ಬರೆಸದಿದ್ದರೆ ತಕರಾರು ಖಂಡಿತ. ಮನೆಗೆ ಮಾಡಿಸಿದ ವಿಮೆ ಕಸುಬಿನ ಸರಕಿಗೂ ಆಗುತ್ತದೆ ಅಂತಲೂ ತಿಳಿಯಬಾರದು.

ಮೂರನೆಯದು, ಯಾವ ಬೆಲೆ? ಯಂತ್ರಕ್ಕೆ ಹಳತಾಯಿತೆಂದು ಸವಕಲು ಕಳೆಯುತ್ತಾರೆ. ಕಚ್ಚಾ ಮಾಲಿನ ಮಾತು ಬೇರೆ, ಬೆಂಕಿ ಬೀಳುವ ಮುಂಚಿನ ಮಾರುಕಟ್ಟೆ ಬೆಲೆಯೇ ಲೆಕ್ಕ. ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಗೆ ನೂಲಿನ ಬೆಲೆಯ ಜೊತೆ ಅಲ್ಲಿಯವರೆಗೆ ಹಾಕಿದ ಬಣ್ಣ, ಹಾಸು, ಕೂಲಿಯ ಖರ್ಚನ್ನೂ ಕೇಳಬೇಕು. ಮಾರಿದ್ದರೆ ಬರುತ್ತಿದ್ದ ಲಾಭ ಮಾತ್ರ ಸಿಗುವುದಿಲ್ಲ. ಒದ್ದೆಯಾಗಿ, ಹೊಗೆ ಹಿಡಿದು ಉಳಿದ ಮಾಲಿಗೂ ಒಂದು ಬೆಲೆ ಕಟ್ಟಿ ಕಳೆಯುತ್ತಾರೆ. ಅದಕ್ಕೇ ಸರ್ವೇಯರ್ ಬಂದು ನೋಡುವವರೆಗೆ ಸುಟ್ಟದ್ದನ್ನು ಗುಡಿಸಿ ಹಾಕಬಾರದು. ಬೂದಿಯೂ ಸಾಕ್ಷಿಯೇ.

ನ್ಯಾಯಾಲಯ ಹೇಳಿದ್ದು

1999ರಲ್ಲಿ ಸುಪ್ರೀಂ ಕೋರ್ಟಿಗೆ ಅಜ್ಮೇರ್ ಸಿಂಗ್ ಕಾಟನ್ ಅಂಡ್ ಜನರಲ್ ಮಿಲ್ಸ್ ಅವರ ವಿಮಾ ಪ್ರಕರಣ ಬಂತು. ಪೂರ್ಣ ತೀರುವಳಿ ಎಂದು ರುಜು ಹಾಕಿಕೊಟ್ಟ ಮಾತ್ರಕ್ಕೆ ಗ್ರಾಹಕನ ಹಕ್ಕು ಮುಗಿಯುವುದಿಲ್ಲ, ಮೋಸದಿಂದಲೋ ಒತ್ತಡದಿಂದಲೋ ರುಜು ಪಡೆದಿದ್ದರೆ ಅವನು ಮತ್ತೆ ಕೇಳಬಹುದು ಎಂದು ಕೋರ್ಟು ಹೇಳಿತು. ಆದರೆ ಒತ್ತಡ ಇತ್ತೆಂದು ಆ ಮಿಲ್ಲಿನವರು ಹೇಳಿರಲೂ ಇಲ್ಲ, ತೋರಿಸಿರಲೂ ಇಲ್ಲ, ಆದ್ದರಿಂದ ಸೋತರು. ಹಸಿವಿನಲ್ಲಿ ಇರುವವನ ಮುಂದೆ ಚೆಕ್ಕು ಹಿಡಿದರೆ ರುಜು ಹಾಕಿಯೇ ಹಾಕುತ್ತಾನೆ. ಒಪ್ಪಿಗೆ ಇಲ್ಲದಿದ್ದರೆ ಅಂದೇ ಆಕ್ಷೇಪಣೆಯನ್ನು ಬರೆದು ಕೊಡಬೇಕು ಅನ್ನುವುದೇ ಇದರ ಸಾರ.

2009ರಲ್ಲಿ ಲಾರಿ ಅಪಘಾತದ ಒಂದು ಪ್ರಕರಣದಲ್ಲಿ, ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದು ಅದೇ ಕೋರ್ಟು ಹೇಳಿತು. ಅದೇ ವರ್ಷ ಶ್ರೀ ವೆಂಕಟೇಶ್ವರ ಸಿಂಡಿಕೇಟ್ ಪ್ರಕರಣದಲ್ಲಿ, ತಮಗೆ ಬೇಕಾದ ವರದಿ ಬರುವವರೆಗೆ ಕಂಪನಿಯವರು ಒಬ್ಬರಾದ ಮೇಲೆ ಒಬ್ಬ ಸರ್ವೇಯರನ್ನು ನೇಮಿಸುವಂತಿಲ್ಲ ಎಂದಿತು.

2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗಾಗಿ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಬಂದಿದೆ. ಇದರಲ್ಲಿ ವಿಮೆ ಶೇಕಡಾ 15ರವರೆಗೆ ಕಡಿಮೆ ಇದ್ದರೂ ಸರಾಸರಿ ಷರತ್ತು ಹಾಕುವುದಿಲ್ಲ. ನೂಲಿನ ಧಾರಣೆ ಏರಿಳಿಯುವ ನಮ್ಮಂಥವರಿಗೆ ಇದು ಒಳ್ಳೆಯದೇ.

ಸಂಘ ಏನು ಮಾಡಬಹುದು?

ಈ ಇತಿಹಾಸ ಪೂರ್ತಿ ನೋಡಿದರೆ ಒಂದು ಮಾತು ಸ್ಪಷ್ಟ. ಸೋತವರೆಲ್ಲ ಸುಳ್ಳು ಹೇಳಿದವರಲ್ಲ. ಸತ್ಯ ಇತ್ತು, ಕಾಗದ ಇರಲಿಲ್ಲ. ಇದ್ದ ರಶೀದಿಯೂ ಸರಕಿನ ಜೊತೆಗೇ ಸುಟ್ಟಿತ್ತು. ಆದ್ದರಿಂದ ನನ್ನ ಸಲಹೆ ಇಷ್ಟು. ಕಸುಬುದಾರ ಸದಸ್ಯರ ದಾಸ್ತಾನು ಪುಸ್ತಕದ ಒಂದು ಪ್ರತಿ ಸಂಘದ ಬೀರುವಿನಲ್ಲಿ ಇರಲಿ. ತಿಂಗಳಿಗೊಮ್ಮೆ ಕಾರ್ಯದರ್ಶಿಯವರು ನೋಡಿ ರುಜು ಹಾಕಲಿ. ಖರೀದಿ ಬಿಲ್ಲಿನ ಜೆರಾಕ್ಸ್, ಸರಕಿನ ಒಂದು ಫೋಟೋ ಜೊತೆಗಿರಲಿ. ಬೆಂಕಿ ಬಿದ್ದರೆ 101ಕ್ಕೆ ಫೋನು, ಅಗ್ನಿಶಾಮಕ ಠಾಣೆಯಿಂದ ವರದಿ, ಅಂದೇ ಕಂಪನಿಗೆ ಬರಹದಲ್ಲಿ ತಿಳುವಳಿಕೆ, 15 ದಿನದೊಳಗೆ ಪಟ್ಟಿ ಸಮೇತ ಕ್ಲೇಮು. ಕಂಪನಿಯ ಉತ್ತರ ಸರಿ ಕಾಣದಿದ್ದರೆ ಬೆಂಗಳೂರಿನ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.

ಒಬ್ಬ ನೇಕಾರ ಒಂಟಿಯಾಗಿ ಹೋಗಿ ಕೌಂಟರಿನ ಮುಂದೆ ನಿಂತರೆ ಅವನ ಮಾತು ಮಾತಾಗಿಯೇ ಉಳಿಯುತ್ತದೆ. ಸಂಘದ ಮೊಹರು ಬಿದ್ದ ಪುಸ್ತಕ ಜೊತೆಗಿದ್ದರೆ ಅದು ದಾಖಲೆ ಆಗುತ್ತದೆ. ಇಪ್ಪತ್ತೈದು ವರ್ಷ ಸಾಲ, ಗೊಬ್ಬರ, ಬೀಜ ಕೊಟ್ಟು ಬಂದಿದ್ದೇವೆ. ಇನ್ನು ಮುಂದೆ ಈ ಒಂದು ಪುಸ್ತಕವನ್ನೂ ಇಡೋಣ. ಬರುವ ಸರ್ವಸದಸ್ಯರ ಸಭೆಯಲ್ಲಿ ಇದನ್ನು ಚರ್ಚೆಗೆ ತರುತ್ತೇನೆ, ಎಲ್ಲರೂ ಬಂದು ಅಭಿಪ್ರಾಯ ಹೇಳಬೇಕೆಂದು ಕೋರುತ್ತೇನೆ.

ಜೈ ಸಹಕಾರ.

– ಸಂಘದ ಒಬ್ಬ ನಿರ್ದೇಶಕ