ಆರೈಕೆ ಬೇಡದ ಗುಲಾಬಿ

ಪುಷ್ಪಜಾತಿಗಳಲ್ಲಿ ಗುಲಾಬಿಯಷ್ಟು ಮನುಷ್ಯನಿಂದ ಸೇವೆ ಮಾಡಿಸಿಕೊಂಡದ್ದು ಬೇರೊಂದಿರಲಾರದು. ಕಾಲಕ್ಕೆ ಸರಿಯಾಗಿ ಗೊಬ್ಬರವಾಗಬೇಕು, ಕತ್ತರಿಯಾಗಬೇಕು, ಎಲೆಯ ಮೇಲೆ ಕಪ್ಪು ಚುಕ್ಕೆಯೋ ಬೂದಿಯೋ ಕಾಣಿಸಿದೊಡನೆ ಔಷಧವಾಗಬೇಕು; ಇಷ್ಟೆಲ್ಲ ಆದ ಮೇಲೂ, ಮಾವನ ಮನೆಗೆ ಬಂದ ಹೊಸ ಅಳಿಯನಂತೆ, ಯಾವ ಉಪಚಾರದಲ್ಲಿ ಯಾವ ಲೋಪವಾಯಿತೆಂದು ಹೇಳದೆ ಅದು ಮುನಿದು ನಿಲ್ಲುವುದುಂಟು. ಇಂತಹ ಕುಲದಲ್ಲಿಯೇ ಹುಟ್ಟಿ, ಉಪ್ಪುಗಾಳಿ, ಹಾರುವ ಮರಳು, ನಿಸ್ಸಾರವಾದ ನೆಲ ಇವುಗಳ ನಡುವೆ ಯಾರ ಆರೈಕೆಯನ್ನೂ ಅಪೇಕ್ಷಿಸದೆ ಬೆಳೆಯುವ ಪೊದೆಗುಲಾಬಿಯೊಂದಿದೆ. ಸಸ್ಯಶಾಸ್ತ್ರದಲ್ಲಿ ಅದು ರೋಸಾ ರುಗೋಸಾ. ಜಪಾನೀಯರ ಬಾಯಲ್ಲಿ ಹಮನಾಸು. ಕಡಲತಡಿಯಲ್ಲಿ ಅಂಗೈಯಗಲದ ತೋಟವಿಟ್ಟುಕೊಂಡಿದ್ದ ಯೂರೋಪು, ಅಮೆರಿಕಗಳ ಗೃಹಸ್ಥರು ಬಹುಕಾಲ ಇದನ್ನು ವರಪ್ರಸಾದವೆಂದು ಭಾವಿಸಿದರು. ಇಂದು ಅವರ ದೇಶಗಳಲ್ಲಿ ಕೆಲವು ಇದನ್ನು ಬೆಳೆಯದಂತೆ ಕಾನೂನು ಮಾಡಿವೆ. ಗಿಡದ ಸ್ವಭಾವ ಇದ್ದಂತೆಯೇ ಇದೆ. ಅಂದು ಮೆಚ್ಚಿಕೆಗೆ ಕಾರಣವಾದ ಗುಣವೇ ಇಂದಿನ ಆಕ್ಷೇಪಕ್ಕೂ ಕಾರಣವಾಗಿರುವುದು ಇದರ ಚರಿತ್ರೆಯ ವೈಶಿಷ್ಟ್ಯ.

ಇದರ ತವರು ಪೂರ್ವ ಏಷ್ಯದ ಶೀತಲ ಕರಾವಳಿ: ಜಪಾನಿನ ಉತ್ತರಭಾಗ, ಕೊರಿಯ, ಈಶಾನ್ಯ ಚೀನ, ಸಖಾಲಿನ್, ಕಮ್ಚಾಟ್ಕಾ. ಅಲ್ಲಿಯ ಮರಳುದಿಣ್ಣೆಗಳ ಮೇಲೆ ನಾಲ್ಕೈದು ಅಡಿ ಎತ್ತರದ ದಟ್ಟ ಪೊದೆಯಾಗಿ ಇದು ಹಬ್ಬಿಕೊಂಡಿರುತ್ತದೆ. ಇತರ ಗುಲಾಬಿಗಳಲ್ಲಿ ಮುಳ್ಳು ಅಲ್ಲೊಂದು ಇಲ್ಲೊಂದಾಗಿ ಕೊಕ್ಕೆಯಂತೆ ಬಾಗಿದ್ದರೆ, ಇದರ ಕಾಂಡದ ಮೇಲೆ ಉದ್ದನೆಯವೂ ಗಿಡ್ಡನೆಯವೂ ಆದ ಸೂಜಿಮುಳ್ಳುಗಳು ಬೆರಳಿಡಲು ಎಡೆಯಿಲ್ಲದಂತೆ ಒತ್ತಾಗಿ ನಿಂತಿರುತ್ತವೆ. ಎಲೆ ದಪ್ಪ, ಕಡುಹಸಿರು. ನರಗಳು ಆಳವಾಗಿ ಇಳಿದು ಅವುಗಳ ನಡುವಣ ಭಾಗ ಉಬ್ಬಿರುವುದರಿಂದ ಎಲೆಯೆಲ್ಲ ಸುಕ್ಕುಗಟ್ಟಿದಂತೆ ತೋರುತ್ತದೆ. ಅಲೆಯೊಡನೆ ಹಾರಿಬರುವ ಉಪ್ಪುನೀರಿನ ತುಂತುರನ್ನು ತಡೆದುಕೊಳ್ಳುವ ಶಕ್ತಿ ಇಂತಹ ಎಲೆಗಿದೆ. ಐದೇ ದಳಗಳ ಅಗಲವಾದ, ಲವಂಗದ ಕಂಪನ್ನು ನೆನಪಿಸುವ ನಸುನೇರಳೆಗೆಂಪಿನ ಹೂವು ಗ್ರೀಷ್ಮದ ಆರಂಭದಿಂದ ಶರತ್ಕಾಲದವರೆಗೆ ಬಿಡುತ್ತಲೇ ಇರುವುದರಿಂದ, ಒಂದೇ ಟೊಂಗೆಯಲ್ಲಿ ಮೊಗ್ಗು, ಹೂವು, ಅಂಗುಲದಗಲದ ಕೆಂಪು ಹಣ್ಣು ಮೂರನ್ನೂ ಒಮ್ಮೆಗೇ ಕಾಣಬಹುದು. ಹೊಕ್ಕೈಡೋ ದ್ವೀಪದ ಮೂಲನಿವಾಸಿಗಳಾದ ಐನು ಜನ ಈ ಹಣ್ಣನ್ನು ಆಹಾರವಾಗಿ ಬಳಸಿದರು. ಅಕಿತಾ ಪ್ರಾಂತದಲ್ಲಿ ಬೇರಿನಿಂದ ರೇಷ್ಮೆಗೆ ಬಣ್ಣ ತೆಗೆದರು. ಚೀನದಲ್ಲಿ ದಳಗಳನ್ನು ಒಣಗಿಸಿ ಚಹಕ್ಕೆ ಬೆರೆಸಿದರು.

ಪಾಶ್ಚಾತ್ಯ ವಿದ್ವಾಂಸರಿಗೆ ಇದನ್ನು ಈ ಹೆಸರಿನಿಂದ ಪರಿಚಯಿಸಿದವನು ಲಿನೇಯಸನ ಶಿಷ್ಯನಾದ ಸ್ವೀಡನ್ನಿನ ಕಾರ್ಲ್ ಪೀಟರ್ ಥುನ್‌ಬೆರ್ಗ್. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ೧೭೭೫ರಲ್ಲಿ ಜಪಾನಿಗೆ ಬಂದ ಅವನು, ಐರೋಪ್ಯರೆಲ್ಲರಂತೆ ನಾಗಾಸಾಕಿ ಬಂದರಿನ ದೆಶಿಮಾ ಎಂಬ ಕೃತಕ ದ್ವೀಪದಲ್ಲಿ ಹೆಚ್ಚುಕಡಮೆ ಬಂದಿಯಾಗಿಯೇ ಇರಬೇಕಾಯಿತು. ಹೊರಗೆ ಹೋಗಿ ಗಿಡಮೂಲಿಕೆಗಳನ್ನು ಅರಸಲು ಅನುಮತಿ ದೊರೆಯದಿದ್ದ ದಿನಗಳಲ್ಲಿ, ದ್ವೀಪದ ಜಾನುವಾರುಗಳಿಗೆಂದು ತಂದುಹಾಕುತ್ತಿದ್ದ ಹಸಿರುಮೇವನ್ನೇ ಕೆದಕಿ, ಅದರಲ್ಲಿ ಅಪರಿಚಿತ ಸಸ್ಯಗಳನ್ನು ಆರಿಸಿಕೊಳ್ಳುತ್ತಿದ್ದನಂತೆ. ಅವನ 'ಫ್ಲೋರಾ ಜಪೋನಿಕಾ' ಗ್ರಂಥ ೧೭೮೪ರಲ್ಲಿ ಪ್ರಕಟವಾದಾಗ ಈ ಸುಕ್ಕೆಲೆಯ ಗುಲಾಬಿಗೆ ಶಾಸ್ತ್ರೀಯ ನಾಮಕರಣವಾಯಿತು.

೧೭೯೬ರಲ್ಲಿ ಲಂಡನ್ನಿನ ಬಳಿಯ ಹ್ಯಾಮರ್‌ಸ್ಮಿತ್‌ನಲ್ಲಿದ್ದ ಲೀ ಮತ್ತು ಕೆನೆಡಿ ಎಂಬುವರ ಸಸಿತೋಟ ಇದನ್ನು ಇಂಗ್ಲೆಂಡಿಗೆ ತಂದಿತಾದರೂ, ಕೊಳ್ಳುವವರ ಕಣ್ಣಿಗೆ ಇದು ಬೀಳಲಿಲ್ಲ. ಅಂದಿನ ಅಭಿರುಚಿ ಬೇರೆ. ದಳದ ಮೇಲೆ ದಳವಿದ್ದು ತುಂಬಿಕೊಂಡ ಹೂವಿಗೆ ಮಾತ್ರ ಮರ್ಯಾದೆಯಿದ್ದ ಆ ಕಾಲದಲ್ಲಿ, ಐದೇ ದಳಗಳಿದ್ದು, ಕೊಯ್ದು ಹೂದಾನಿಯಲ್ಲಿಟ್ಟರೆ ಬೇಗನೆ ಉದುರಿಹೋಗುವ, ಮೈತುಂಬ ಮುಳ್ಳಿನ ಈ ಗಿಡವನ್ನು ಶ್ರೀಮಂತರ ಉದ್ಯಾನಪಾಲಕರು ಕುತೂಹಲಕ್ಕೆಂದು ಇಟ್ಟುಕೊಂಡರೆ ಅದೇ ಹೆಚ್ಚು.

ಇದಕ್ಕೆ ಅದೃಷ್ಟ ತೆರೆದದ್ದು ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ. ರೈಲು ಬಂದು, ಕಡಲತೀರದಲ್ಲಿ ಬೇಸಗೆಯನ್ನು ಕಳೆಯುವ ಅಭ್ಯಾಸ ಮಧ್ಯಮ ವರ್ಗಕ್ಕೂ ಹಬ್ಬಿ, ಮರಳುನೆಲದಲ್ಲಿ ಸಣ್ಣ ಸಣ್ಣ ಮನೆಗಳೆದ್ದವು; ಮಾಲಿಯನ್ನಿಟ್ಟುಕೊಳ್ಳುವ ಶಕ್ತಿಯಿಲ್ಲದ, ವರ್ಷದ ಬಹುಪಾಲು ಊರಿನಲ್ಲಿಯೇ ಇರಬೇಕಾದ ಆ ಮನೆಗಳ ಒಡೆಯರಿಗೆ ತನ್ನಷ್ಟಕ್ಕೆ ತಾನು ಬದುಕಿಕೊಳ್ಳುವ ಗಿಡವೇ ಬೇಕಾಗಿತ್ತು. ಅದೇ ಕಾಲಕ್ಕೆ ಸಂಕರಕಾರರೂ ಇದರತ್ತ ತಿರುಗಿದರು. ಫ್ರಾನ್ಸಿನ ಕುಬೇರ್ ಗ್ರಾಮದ ಕೊಶೆ-ಕೊಶೆ ೧೮೯೨ರಲ್ಲಿ 'ಬ್ಲಾಂ ದೂಬ್ಲ್ ದ ಕುಬೇರ್' ಎಂಬ ಶುಭ್ರಶ್ವೇತವಾದ ಬಹುದಳ ಪುಷ್ಪವನ್ನೂ, ೧೯೦೧ರಲ್ಲಿ 'ರೋಸರೆ ದ ಲಾಯ್' ಎಂಬ ಗಾಢ ಕೆನ್ನೇರಳೆಯ ತಳಿಯನ್ನೂ ಹೊರತಂದನು. ೧೯೧೪ರಲ್ಲಿ ಡೆನ್ಮಾರ್ಕಿನಿಂದ 'ಫ್ರೂ ಡಾಗ್ಮಾರ್ ಹಾಸ್ಟ್ರುಪ್' ಬಂದಿತು; ತಿಳಿಗುಲಾಬಿ ಬಣ್ಣದ ಐದು ದಳ, ಗಿಡ್ಡ ಪೊದೆ, ಹೇರಳವಾದ ಹಣ್ಣು ಇರುವ ಇದು ಕಿರಿದಾದ ತೋಟಕ್ಕೆ ಹೇಳಿಮಾಡಿಸಿದಂತಿತ್ತು.

ಇದನ್ನು ಬೆಳೆಸುವ ವಿಧಾನದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ನೆಟ್ಟ ಮೊದಲ ವರ್ಷ ಬೇರು ಹಿಡಿಯುವವರೆಗೆ ನೀರು ಬೇಕು. ಅನಂತರ ಚಳಿಗಾಲದ ಕೊನೆಯಲ್ಲಿ ಮುದಿಯಾದ ಕಾಂಡಗಳಲ್ಲಿ ಕೆಲವನ್ನು ಬುಡಕ್ಕೆ ಕಡಿದುಹಾಕಿದರೆ ಸಾಕು. ಸುಣ್ಣದ ಅಂಶ ಹೆಚ್ಚಾದ ನೆಲವನ್ನು ಇದು ಸಹಿಸದು, ಎಲೆ ಹಳದಿಗೆ ತಿರುಗುತ್ತದೆ. ಉಳಿದ ಗುಲಾಬಿಗಳಿಗೆ ಸಿಂಪಡಿಸುವ ಔಷಧ ತಗುಲಿದರೆ ಎಲೆಗಳು ಸುಟ್ಟಂತಾಗಿ ಉದುರುವುದರಿಂದ, ಇದರ ವಿಷಯದಲ್ಲಿ ಉಪಚಾರವೇ ಅಪಚಾರ.

ಈ ಕಷ್ಟಸಹಿಷ್ಣುತೆಯನ್ನು ಇತರ ಗುಲಾಬಿಗಳಿಗೂ ದಾಟಿಸಬೇಕೆಂಬ ಆಸೆ ಸಹಜವಾಗಿ ಹುಟ್ಟಿತು. ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ ದೊರೆತು ೧೯೧೯ರಲ್ಲಿ ಪ್ರಚಾರಕ್ಕೆ ಬಂದ 'ಮ್ಯಾಕ್ಸ್ ಗ್ರಾಫ್' ಎಂಬ ರುಗೋಸಾ ಸಂಕರ ಬಹುಮಟ್ಟಿಗೆ ಬಂಜೆ. ಜರ್ಮನಿಯ ವಿಲ್ಹೆಲ್ಮ್ ಕೊರ್ಡೆಸ್ ಅದರಿಂದ ಹೇಗೋ ಪಡೆದ ಕೆಲವೇ ಬೀಜಗಳ ಸಸಿಗಳಲ್ಲೊಂದು, ೧೪ ಇರಬೇಕಾದ ವರ್ಣತಂತುಗಳು ತಾವಾಗಿಯೇ ೨೮ಕ್ಕೆ ಇಮ್ಮಡಿಯಾಗಿ, ಫಲವಂತವಾಯಿತು. ರೋಸಾ ಕೊರ್ಡೆಸಿಯೈ ಎನಿಸಿಕೊಂಡ ಆ ಒಂದು ಸಸಿಯ ಸಂತಾನವನ್ನು ಬಳಸಿಕೊಂಡೇ ಕೆನಡಾದ ಒಟ್ಟಾವಾದಲ್ಲಿ ಫೆಲಿಸಿಟಾಸ್ ಸ್ವೇಡಾ ಎಂಬ ವಿಜ್ಞಾನಿ ಆ ದೇಶದ ಕಡುಚಳಿಗೆ ಜಗ್ಗದ ಗುಲಾಬಿಗಳಲ್ಲಿ ಹಲವನ್ನು ರೂಪಿಸಿದರು.

ಇತ್ತ ಮೂಲ ಗಿಡ ಬೇಲಿಯನ್ನು ದಾಟಿಯಾಗಿತ್ತು. ಅಮೆರಿಕದ ಪೂರ್ವತೀರದ ನಾಂಟಕೆಟ್ ದ್ವೀಪದಲ್ಲಿ ೧೮೯೯ರಷ್ಟು ಹಿಂದೆಯೇ ಇದು ತೋಟದ ಹೊರಗೆ ಬೆಳೆದದ್ದು ದಾಖಲಾಗಿದೆ. ಇದರ ಹಣ್ಣು ಸಮುದ್ರದ ನೀರಿನಲ್ಲಿ ವಾರಗಟ್ಟಲೆ ತೇಲುತ್ತ, ಬೀಜ ಕೆಡದೆ ಮತ್ತೊಂದು ದಂಡೆಯನ್ನು ಸೇರಬಲ್ಲದು. ಹಕ್ಕಿಗಳು ತಿಂದು ಒಯ್ಯುವುದೂ ಉಂಟು. ನೆಲದೊಳಗೆ ಹರಿಯುವ ಬೇರುಕಾಂಡಗಳು ತುದಿತುದಿಯಲ್ಲಿ ಮರಿಗಳನ್ನೆಬ್ಬಿಸುತ್ತ ಹೋಗುತ್ತವೆ. ಮರಳು ಮೇಲೆ ಬಿದ್ದಷ್ಟೂ ಗಿಡ ಅದನ್ನು ಸೀಳಿಕೊಂಡು ಮೇಲೇಳುತ್ತದೆ. ಇದು ಸಾಲದೆಂಬಂತೆ, ಮರಳನ್ನು ಹಿಡಿದು ನಿಲ್ಲಿಸಲೆಂದು ದಿಣ್ಣೆಗಳ ಮೇಲೆಯೂ, ಮಂಜು ಕರಗಿಸಲು ಉಪ್ಪೆರಚುವ ಹೆದ್ದಾರಿಗಳ ಅಂಚಿನಲ್ಲಿಯೂ ಜನರೇ ಇದನ್ನು ಉದ್ದಕ್ಕೂ ನೆಟ್ಟರು. ಪರಿಣಾಮವಾಗಿ ಡೆನ್ಮಾರ್ಕಿನ ದಿಣ್ಣೆಗಳಲ್ಲಿ ಬಿಸಿಲನ್ನೇ ನಂಬಿ ಬದುಕುವ ಕುಳ್ಳ ಹುಲ್ಲು, ಕಲ್ಲುಹೂವುಗಳು ಇದರ ಗಾಢವಾದ ನೆರಳಿನಲ್ಲಿ ಅಳಿಯತೊಡಗಿದವು. ಕಡಿದರೆ ಚಿಗುರುತ್ತದೆ, ಅಗೆದರೆ, ಮರಳಿನಲ್ಲುಳಿದ ಬೇರಿನ ತುಂಡೊಂದು ಮತ್ತೆ ಪೊದೆಯಾಗುತ್ತದೆ. ೨೦೧೦ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇದನ್ನು ತೋಟದಾಚೆಯ ಸಹಜ ನೆಲದಲ್ಲಿ ನೆಡುವುದು ಅಪರಾಧ. ಫಿನ್ಲೆಂಡಿನಲ್ಲಿ ೨೦೨೨ರ ಜೂನ್ ತಿಂಗಳಿನಿಂದ ಮನೆಯಂಗಳದಲ್ಲಿ ಬೆಳೆಯುವುದೂ ನಿಷಿದ್ಧ. ಆದರೆ ಜರ್ಮನಿಯ ಸಿಲ್ಟ್ ದ್ವೀಪದವರು ಇದನ್ನು ತಮ್ಮೂರಿನ ಹೂವೆಂದೇ ಕರೆಯುತ್ತಾರೆ, ಅಮೆರಿಕದ ಕಡಲತಡಿಯಲ್ಲಿ ಇದು ಹೊರಗಿನಿಂದ ಬಂದದ್ದೆಂದು ಅರಿಯದವರೇ ಹೆಚ್ಚು.

ಇಂತಹ ಕಥೆ ಕನ್ನಡನಾಡಿಗೆ ಹೊಸದಲ್ಲ. ೧೮೦೯ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದ ಲಂಟಾನ, ನೀರು ಗೊಬ್ಬರಗಳಿಲ್ಲದೆ ವರ್ಷವೆಲ್ಲ ಹೂ ಬಿಡುತ್ತದೆಂಬ ಕೀರ್ತಿಯೊಡನೆ ಬೇಲಿಯಿಂದ ಬೇಲಿಗೆ ನಡೆದು, ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡನ್ನು ಯಾವ ಸ್ಥಿತಿಗೆ ತಂದಿದೆಯೆಂಬುದನ್ನು ಅಲ್ಲಿಯ ಸೋಲಿಗರನ್ನು ಕೇಳಿದರೆ ತಿಳಿಯುತ್ತದೆ.

ರುಗೋಸಾದ ತವರಿನಲ್ಲಿ ಸ್ಥಿತಿ ವಿಪರೀತವಾಗಿದೆ. ಚೀನ, ಕೊರಿಯಗಳ ತೀರದಲ್ಲಿ ಕಟ್ಟಡಗಳೂ ಒಡ್ಡುಗಳೂ ಮರಳುದಿಣ್ಣೆಯನ್ನು ನುಂಗುತ್ತಿರಲು, ಕಾಡುಗುಲಾಬಿಯ ನೆಲೆಗಳು ಕ್ಷೀಣಿಸಿ, ಅಲ್ಲಿಯ ಸಸ್ಯವಿದರು ಇದನ್ನು ಕಾಪಾಡಬೇಕಾದ ಗಿಡವೆಂದೆಣಿಸುತ್ತಾರೆ. ಆದುದರಿಂದ ಈ ಸಸ್ಯ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಆರೈಕೆ ಬೇಡದ ಗಿಡವೆಂದರೆ ಶ್ರಮವಿಲ್ಲದ ಗಿಡವೆಂದು ನಂಬಿದವರು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದರು. ಪೋಷಣೆಯಲ್ಲಿ ಉಳಿಸಿದ ದುಡಿಮೆಯನ್ನು ನಿಯಂತ್ರಣದಲ್ಲಿ ವ್ಯಯಮಾಡಬೇಕೆಂಬುದು ಮುಂದಿನ ಪೀಳಿಗೆಗೆ ತಿಳಿಯಿತು. ಕಾನೂನು ಅಡ್ಡಿಮಾಡದ ಕಡೆಯಲ್ಲಿ ಇದನ್ನು ಇಟ್ಟುಕೊಳ್ಳಬಯಸುವವನು, ಹಣ್ಣು ಕಟ್ಟುವುದು ವಿರಳವಾದ ಕುಬೇರಿನ ಬಿಳಿಯದನ್ನೋ ಲಾಯಿಯ ಕೆನ್ನೇರಳೆಯದನ್ನೋ ಆರಿಸಲಿ; ಕಟ್ಟಿದ ಹಣ್ಣನ್ನು ಕೆಂಪೇರುವ ಮುನ್ನ ಕೊಯ್ಯಲಿ; ವರ್ಷಕ್ಕೊಮ್ಮೆ ಪೊದೆಯ ಸುತ್ತ ಗುದ್ದಲಿ ಹಾಕಿ ಮರಿಗಳನ್ನು ಬೇರುಸಹಿತ ತೆಗೆಯಲಿ. ಇಷ್ಟು ಮಾಡಲೊಲ್ಲದವನು ಕಡಲತಡಿಯ ತೋಟದಲ್ಲಿ ಇದನ್ನು ನೆಡದಿರುವುದೇ ಲೇಸು.