ಆರ್‌ಎಸ್‌ಪಿಬಿ: ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆಯ ಆಡಳಿತ ಮತ್ತು ಧ್ಯೇಯಗಳ ಚರಿತ್ರೆ

ರಾಯಲ್ ಸೊಸೈಟಿ ಫಾರ್ ದ ಪ್ರೊಟೆಕ್ಷನ್ ಆಫ್ ಬರ್ಡ್ಸ್, ಎಲ್ಲರ ಬಾಯಲ್ಲಿ ಆರ್‌ಎಸ್‌ಪಿಬಿ, 1889ರಲ್ಲಿ ಹುಟ್ಟಿದ ಬ್ರಿಟನ್ನಿನ ಧರ್ಮಾರ್ಥ ಸಂಸ್ಥೆ. ಇಂದು ಅದಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. 200ಕ್ಕೂ ಹೆಚ್ಚು ಪಕ್ಷಿಧಾಮಗಳನ್ನು ಅದು ನೋಡಿಕೊಳ್ಳುತ್ತಿದೆ. ಕೇಂದ್ರ ಕಚೇರಿ ಬೆಡ್‌ಫರ್ಡ್‌ಷೈರ್‌ನ ಸ್ಯಾಂಡಿ ಎಂಬ ಊರಿನಲ್ಲಿದೆ. ಇಷ್ಟು ದೊಡ್ಡ ಸಂಸ್ಥೆಯ ಮೊದಲ ಗುರಿ ಒಂದೇ ಒಂದಾಗಿತ್ತು: ಹೆಂಗಸರ ಟೋಪಿಯ ಮೇಲಿನ ಗರಿ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಸಿರಿವಂತ ಹೆಂಗಸರ ಟೋಪಿಗಳ ಮೇಲೆ ಗರಿಯ ತುರಾಯಿ, ರೆಕ್ಕೆ, ಕೆಲವೊಮ್ಮೆ ಇಡೀ ಹಕ್ಕಿಯೇ ಕೂತಿರುತ್ತಿತ್ತು. ತುರಾಯಿಗೆ ಬೇಕಾದದ್ದು ಬೆಳ್ಳಕ್ಕಿಯ ಬೆನ್ನ ಮೇಲೆ ಮೂಡುವ ನವಿರಾದ ಎಳೆಗರಿ. ಅದು ಮೂಡುವುದು ಗೂಡು ಕಟ್ಟಿ ಮರಿ ಮಾಡುವ ಕಾಲದಲ್ಲಿ. ಬೇಟೆಗಾರರು ಗೂಡುಗಳಿರುವ ಮರಕ್ಕೇ ಹೋಗಿ ತಂದೆತಾಯಿ ಹಕ್ಕಿಗಳನ್ನು ಕೊಲ್ಲುತ್ತಿದ್ದರು; ಗೂಡಿನಲ್ಲುಳಿದ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಲಂಡನ್ನಿನ ಹರಾಜುಗಳಿಗೆ ಬರುತ್ತಿದ್ದ ಗರಿಯಲ್ಲಿ ಭಾರತದ ಪಾಲೂ ಇತ್ತು. 1902ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಹಕ್ಕಿಗರಿಯ ರಫ್ತನ್ನು ನಿಷೇಧಿಸಿತು.

ಈ ಕೊಲೆಯ ವಿರುದ್ಧ ಎದ್ದವರು ಹೆಂಗಸರು. ಅಂದಿನ ಪ್ರಮುಖ ಪಕ್ಷಿಶಾಸ್ತ್ರ ಸಂಘವಾದ ಬ್ರಿಟಿಷ್ ಆರ್ನಿಥಾಲಜಿಸ್ಟ್ಸ್ ಯೂನಿಯನ್‌ಗೆ ಆಗ ಗಂಡಸರಿಗೆ ಮಾತ್ರ ಪ್ರವೇಶ. ಎಮಿಲಿ ವಿಲಿಯಮ್ಸನ್ 1889ರಲ್ಲಿ ಮ್ಯಾಂಚೆಸ್ಟರ್ ಬಳಿಯ ಡಿಡ್ಸ್‌ಬರಿಯ ತನ್ನ ಮನೆಯಲ್ಲೇ ಸಂಘ ಕಟ್ಟಿದಳು. ಅದೇ ಸುಮಾರಿಗೆ ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ ಎಲೈಜಾ ಫಿಲಿಪ್ಸ್ ಮತ್ತು ಎಟ್ಟಾ ಲೆಮನ್ ಇಂಥದೇ ಗುಂಪು ಕಟ್ಟಿಕೊಂಡಿದ್ದರು. 1891ರಲ್ಲಿ ಎರಡೂ ಒಂದಾದವು. ಪೋರ್ಟ್‌ಲೆಂಡಿನ ಡಚೆಸ್ ವಿನಿಫ್ರೆಡ್ ಅಧ್ಯಕ್ಷೆಯಾಗಿ 1954ರಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನದಲ್ಲಿದ್ದಳು.

ಸಂಘದ ನಿಯಮಾವಳಿ ಚಿಕ್ಕದು. ಸದಸ್ಯರು ಹಕ್ಕಿಗಳ ವೃಥಾ ವಧೆಯನ್ನು ತಡೆಯಬೇಕು, ಅವುಗಳ ರಕ್ಷಣೆಯಲ್ಲಿ ಆಸಕ್ತಿ ತೋರಬೇಕು. ಆಹಾರಕ್ಕಾಗಿ ಕೊಂದದ್ದಲ್ಲದ ಹಕ್ಕಿಯ ಗರಿ ತೊಡಬಾರದು, ಉಷ್ಟ್ರಪಕ್ಷಿಯ ಗರಿಗೆ ಮಾತ್ರ ವಿನಾಯಿತಿ. ಸದಸ್ಯತ್ವಕ್ಕೆ ಎರಡು ಪೆನ್ನಿ ಸಾಕಾಗಿತ್ತು. ಅಷ್ಟು ಕಡಿಮೆ ಇಟ್ಟದ್ದರಿಂದಲೇ ಟೋಪಿ ಕೊಳ್ಳುವ ಒಡತಿಯರ ಜೊತೆಗೆ ಸಾಮಾನ್ಯ ಮನೆಯವರೂ ಸೇರಿದರು. ಎಟ್ಟಾ ಲೆಮನ್‌ಳ ಬಗೆ ಮಾತ್ರ ಬಲು ಕಟ್ಟುನಿಟ್ಟು. ಚರ್ಚಿನಲ್ಲಿ ಪ್ರಾರ್ಥನೆಗೆ ಬಂದವರಲ್ಲಿ ಯಾರ ಟೋಪಿಯ ಮೇಲೆ ಗರಿ ಇದೆಯೆಂದು ನೋಡಿಕೊಂಡು, ಆ ಹಕ್ಕಿಯನ್ನು ಹೇಗೆ ಕೊಂದರೆಂಬುದನ್ನು ವಿವರಿಸಿ ಅವರಿಗೆ ಪತ್ರ ಬರೆಯುತ್ತಿದ್ದಳು. 1911ರಲ್ಲಿ ಸಂಸ್ಥೆ ಬೆಳ್ಳಕ್ಕಿಗಳ ಕಗ್ಗೊಲೆಯ ಚಿತ್ರಗಳಿದ್ದ ಫಲಕಗಳನ್ನು ಹೆಗಲಿಗೆ ಹಾಕಿಸಿ, ಲಂಡನ್ನಿನ ಅಂಗಡಿ ಬೀದಿಗಳಲ್ಲಿ ಆಳುಗಳನ್ನು ಸಾಲಾಗಿ ನಡೆಸಿತು.

1904ರಲ್ಲಿ ದೊರೆತ ರಾಯಲ್ ಚಾರ್ಟರ್, ಅಂದರೆ ರಾಜ ಸನ್ನದು, ಸಂಸ್ಥೆಗೆ ಕಾನೂನಿನ ವ್ಯಕ್ತಿತ್ವವನ್ನೂ ಹೆಸರಿನ ಮುಂದೆ 'ರಾಯಲ್' ಪದವನ್ನೂ ಕೊಟ್ಟಿತು. ಜೊತೆಗೆ ಒಂದು ಕಟ್ಟನ್ನೂ ಹಾಕಿತು: ಬೇಟೆಹಕ್ಕಿಗಳನ್ನು ಕೊಲ್ಲುವ ಮತ್ತು ಅಂಥ ನ್ಯಾಯಬದ್ಧ ಮೋಜಿನ ಬೇಟೆಯ ವಿಚಾರದಲ್ಲಿ ಸಂಸ್ಥೆ ಪಕ್ಷ ವಹಿಸಕೂಡದು. ಬೆಂಬಲಕ್ಕೆ ನಿಂತಿದ್ದ ಡ್ಯೂಕುಗಳೂ ಜಮೀನ್ದಾರರೂ ಸ್ವತಃ ಬೇಟೆಗಾರರಾಗಿದ್ದರಿಂದ ಈ ರಾಜಿ ಅನಿವಾರ್ಯವಾಗಿದ್ದಿರಬೇಕು. ಸನ್ನದಿನ ಆಸುಪಾಸಿನಲ್ಲೇ ಗೌರವ ಕಾರ್ಯದರ್ಶಿಯ ಪದವಿ ಎಟ್ಟಾಳಿಂದ ಆಕೆಯ ಗಂಡ, ವಕೀಲ ಫ್ರಾಂಕ್ ಲೆಮನ್‌ಗೆ ಹೋಯಿತು. ಕೆಲಸವನ್ನು ಮಾತ್ರ ಆಕೆಯೇ ಮುಂದುವರಿಸಿದಳು. ಹೆಂಗಸರು ಕಟ್ಟಿದ ಸಂಸ್ಥೆಗೆ ಗೌರವ ಬಂದ ಗಳಿಗೆಯಲ್ಲೇ ಹೀಗಾದದ್ದು ನೋವಿನ ಸಂಗತಿ. ಗರಿ ಆಮದನ್ನು ನಿಷೇಧಿಸುವ ಕಾಯ್ದೆ 1921ರಲ್ಲಿ ಬಂತು. ಅದು ಆಮದನ್ನಷ್ಟೇ ತಡೆಯಿತು, ತೊಡುವುದನ್ನಲ್ಲ. ಆದರೂ ಆ ವ್ಯಾಪಾರಕ್ಕೆ ದೊಡ್ಡ ಏಟು ಬಿತ್ತು.

ಗೆದ್ದ ಮೇಲೆ ಸಂಸ್ಥೆ ಮಂಕಾಯಿತು. ಆಡಳಿತ ಮಂಡಳಿಯಲ್ಲಿ ಅದೇ ಜನ ವರ್ಷಾನುಗಟ್ಟಲೆ ಕೂತಿದ್ದರು. ಪಂಜರದ ಹಕ್ಕಿಗಳ ವಿಚಾರದಲ್ಲಿ ಏನೂ ಮಾಡುತ್ತಿಲ್ಲವೆಂಬ ಟೀಕೆ 1936ರಲ್ಲಿ ಪತ್ರಿಕೆಗಳಲ್ಲಿ ಬಂತು, ಸದಸ್ಯರೇ ಎದ್ದು ಕೇಳಿದರು. ಜೀವಶಾಸ್ತ್ರಜ್ಞ ಜೂಲಿಯನ್ ಹಕ್ಸ್ಲಿಯ ನೇತೃತ್ವದ ಸಮಿತಿ, ಮಂಡಳಿ ಸದಸ್ಯರಿಗೆ ಅವಧಿ ಗೊತ್ತುಮಾಡಿ ಚುನಾವಣೆ ನಡೆಸಬೇಕೆಂದು ಸೂಚಿಸಿತು. ಎಟ್ಟಾ ಲೆಮನ್ ಹೊರಬಿದ್ದಳು. ಆಕೆಯ ದುಡಿಮೆಯ ಮುಂದೆ ಆ ವಿದಾಯ ಕಠಿಣವೇ ಸರಿ. ಆದರೂ ಇಂದಿನ ಆರ್‌ಎಸ್‌ಪಿಬಿ ಸನ್ನದಿಗಿಂತ ಹೆಚ್ಚಾಗಿ ಈ ಜಗಳಕ್ಕೆ ಋಣಿ ಎನ್ನಬೇಕು, ಏಕೆಂದರೆ ಲೆಕ್ಕ ಕೇಳುವ ಹಕ್ಕು ಸದಸ್ಯರ ಕೈಗೆ ಬಂದದ್ದು ಆಗಲೇ.

ಕಾನೂನಿನ ಹೋರಾಟದ ಜೊತೆಗೆ ನೆಲ ಕೊಂಡು ಕಾಯುವ ಕೆಲಸ 1930ರ ಸುಮಾರಿಗೆ ಕೆಂಟ್ ಕರಾವಳಿಯ ಜೌಗಿನಲ್ಲಿ ಶುರುವಾಯಿತು. ಅದು ಹೆಸರು ಮಾಡಿದ್ದು ಸಫಕ್‌ನ ಮಿನ್ಸ್‌ಮಿಯರ್‌ನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಶತ್ರು ಇಳಿಯದಂತೆ ಅಲ್ಲಿನ ಕರಾವಳಿ ಹುಲ್ಲುಗಾವಲಿಗೆ ನೀರು ನುಗ್ಗಿಸಿದ್ದರು. ಬ್ರಿಟನ್ನಿನಲ್ಲಿ ಸುಮಾರು ನೂರು ವರ್ಷ ಗೂಡು ಕಟ್ಟದೇ ಇದ್ದ ಅವೊಸೆಟ್, ಮೇಲಕ್ಕೆ ಬಾಗಿದ ಕೊಕ್ಕಿನ ಕಪ್ಪುಬಿಳುಪು ಹಕ್ಕಿ, 1947ರಲ್ಲಿ ಆ ನೀರಿಗೆ ಮರಳಿ ಬಂದು ಗೂಡು ಮಾಡಿತು. ಮುಂದೆ ಅದೇ ಸಂಸ್ಥೆಯ ಲಾಂಛನವಾಯಿತು. ಸ್ಕಾಟ್ಲೆಂಡಿನ ಲಾಕ್ ಗಾರ್ಟನ್ನಿನಲ್ಲಿ ನಡೆದದ್ದು ಬೇರೆ. ಅಲ್ಲಿಗೆ ಮರಳಿದ್ದ ಮೀನುಡೇಗೆಯ ಗೂಡಿನಿಂದ 1958ರಲ್ಲಿ ಕಳ್ಳನೊಬ್ಬ ರಾತ್ರಿ ಮೊಟ್ಟೆ ಕದ್ದ, ಬದಲಿಗೆ ಬೂಟ್ ಪಾಲಿಷ್ ಬಳಿದ ಕೋಳಿಮೊಟ್ಟೆ ಇಟ್ಟ. ಗುಟ್ಟಾಗಿ ಕಾಯುವುದು ಫಲಿಸಲಿಲ್ಲ. ಮರುವರ್ಷ ಸಂಸ್ಥೆಯ ಜಾರ್ಜ್ ವಾಟರ್‌ಸ್ಟನ್ ಗೂಡಿನ ವಿಷಯವನ್ನು ಬಹಿರಂಗಪಡಿಸಿ, ದೂರದಿಂದ ನೋಡಲು ಜನರನ್ನೇ ಕರೆದರು. ಆ ಬೇಸಿಗೆ ಸುಮಾರು 14,000 ಜನ ಬಂದರು. ಜನರನ್ನು ದೂರವಿಟ್ಟು ಹಕ್ಕಿ ಕಾಯುವ ಹಳೆಯ ಪದ್ಧತಿಯನ್ನು ಸಂಸ್ಥೆ ಅಲ್ಲಿಂದ ಮರುಚಿಂತಿಸತೊಡಗಿತು.

1960ರಲ್ಲಿ 10,000 ಇದ್ದ ಸದಸ್ಯರು 1997ರ ಹೊತ್ತಿಗೆ ಹತ್ತು ಲಕ್ಷವಾದರು. ಮನೆಯಂಗಳದ ಹಕ್ಕಿಗಳನ್ನು ಎಣಿಸುವ ವಾರ್ಷಿಕ ಗಣತಿ 1979ರಲ್ಲಿ ಆರಂಭವಾಯಿತು. 1991ರಲ್ಲಿ ಬಾರ್ಬರಾ ಯಂಗ್ ಮುಖ್ಯ ಕಾರ್ಯನಿರ್ವಾಹಕಿಯಾದರು.

ಈಗಿನ ವ್ಯವಸ್ಥೆಯಲ್ಲಿ ಪರಮಾಧಿಕಾರ ಕೌನ್ಸಿಲಿನದು. ಇದರ ಸದಸ್ಯರು ಧರ್ಮದರ್ಶಿಗಳು, ಸಂಬಳವಿಲ್ಲ. ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಅವರನ್ನು ಆರಿಸುತ್ತಾರೆ. ಅಧ್ಯಕ್ಷ ಸ್ಥಾನ ಗೌರವದ್ದು, ದಿನನಿತ್ಯದ ಆಡಳಿತ ಮುಖ್ಯ ಕಾರ್ಯನಿರ್ವಾಹಕರದು. ಸನ್ನದನ್ನು ತಿದ್ದಬೇಕಾದರೆ ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲಿನ ಒಪ್ಪಿಗೆ ಬೇಕು. ಸಂಸ್ಥೆ ಚಾರಿಟಿ ಕಮಿಷನ್ನಿನ ಮತ್ತು ಸ್ಕಾಟ್ಲೆಂಡಿನ ಧರ್ಮಾರ್ಥ ನಿಯಂತ್ರಕರ ಕಣ್ಗಾವಲಿನಲ್ಲಿದೆ. ವರಮಾನದಲ್ಲಿ ಸದಸ್ಯರ ಚಂದಾದ ಜೊತೆಗೆ, ತೀರಿಕೊಂಡವರು ಉಯಿಲಿನಲ್ಲಿ ಬಿಟ್ಟುಹೋದ ಹಣದ ಪಾಲು ದೊಡ್ಡದು. ಧ್ಯೇಯದಲ್ಲಿ ಹಕ್ಕಿಯ ಜೊತೆ ಇತರ ವನ್ಯಜೀವಿಗಳೂ ಅವು ಬದುಕುವ ನೆಲವೂ ಸೇರಿವೆ.

ಸನ್ನದಿನ ಬೇಟೆಯ ಕಟ್ಟು ಇಂದಿಗೂ ಬಿಸಿ ವಿಷಯ. ಬೇಟೆ ಸರಿಯೋ ತಪ್ಪೋ ಎಂಬುದರಲ್ಲಿ ಸಂಸ್ಥೆ ತಟಸ್ಥ. ಆದರೆ ಗ್ರೌಸ್ ಹಕ್ಕಿಯ ಬೇಟೆಗೆಂದು ನೋಡಿಕೊಳ್ಳುವ ಬೆಟ್ಟಗಾಡಿನಲ್ಲಿ ಡೇಗೆಗಳಿಗೆ ವಿಷವಿಕ್ಕಿ ಕೊಂದರೆ ಅದು ಹಕ್ಕಿ ರಕ್ಷಣೆಯ ಪ್ರಶ್ನೆಯೇ. ಸದಸ್ಯರ ಅಭಿಪ್ರಾಯ ಕೇಳಿ, 2020ರಲ್ಲಿ ಸಂಸ್ಥೆ ಇಂಥ ಬೇಟೆಗೆ ಪರವಾನಗಿ ಪದ್ಧತಿ ಬರಬೇಕೆಂಬ ನಿಲುವು ತಳೆಯಿತು. 2024ರ ಕಾಯ್ದೆಯಿಂದ ಸ್ಕಾಟ್ಲೆಂಡ್ ಅದನ್ನು ತಂದಿತು. ತೀಕ್ಷ್ಣವಾಗಿ ಮಾತಾಡುವುದಕ್ಕೂ ಮಿತಿಯಿದೆ. 2023ರ ಆಗಸ್ಟಿನಲ್ಲಿ ಸಂಸ್ಥೆ ಮೂವರು ಮಂತ್ರಿಗಳನ್ನು ಸುಳ್ಳುಗಾರರೆಂದು ಸಾರ್ವಜನಿಕವಾಗಿ ಕರೆದು, ಆಮೇಲೆ ಕ್ಷಮೆ ಕೇಳಬೇಕಾಯಿತು. ಧರ್ಮಾರ್ಥ ಸಂಸ್ಥೆ ನೀತಿಯನ್ನು ಟೀಕಿಸಬಹುದು, ಪಕ್ಷ ರಾಜಕೀಯಕ್ಕೆ ಇಳಿಯಬಾರದು ಎಂಬುದು ಅಲ್ಲಿನ ಕಾನೂನು.

ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಒಕ್ಕೂಟದಲ್ಲಿ ಬ್ರಿಟನ್ನಿನ ಪ್ರತಿನಿಧಿ ಆರ್‌ಎಸ್‌ಪಿಬಿ. ಭಾರತದ ಜೊತೆಗಿನ ಅದರ ಮುಖ್ಯ ಕೆಲಸ ರಣಹದ್ದುಗಳದು. ದನಗಳಿಗೆ ನೋವು ನಿವಾರಣೆಗೆ ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತಿತ್ತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜೊತೆ ಸೇರಿ ಸಂಶೋಧನೆಗೂ ಹರಿಯಾಣದ ಪಿಂಜೋರ್‌ನಂಥ ಸಂತಾನಾಭಿವೃದ್ಧಿ ಕೇಂದ್ರಗಳಿಗೂ ಅದು ನೆರವಾಗಿದೆ. ಪಶುಗಳಿಗೆ ಈ ಔಷಧಿ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಕರ್ನಾಟಕದಲ್ಲಿ 2012ರಲ್ಲಿ ರಣಹದ್ದುಗಳ ಅಭಯಾರಣ್ಯವಾದ ರಾಮನಗರದ ರಾಮದೇವರ ಬೆಟ್ಟಕ್ಕೂ ಈ ನಿಷೇಧ ಬಲು ಮುಖ್ಯ. ಅದೇ ಬಗೆಯ ಹಾನಿ ಮಾಡುವ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್‌ಗಳನ್ನು ಪಶುಗಳಿಗೆ ಬಳಸುವುದು 2023ರಲ್ಲಿ ನಿಷಿದ್ಧವಾಯಿತು.