ರಣಹದ್ದು ಮರೆಯಾದ ಮೇಲೆ

ಹೆಸರಿನಲ್ಲೇ ರಣವನ್ನು ಹೊತ್ತ ಹಕ್ಕಿ ಅದು. ರಾಮಾಯಣದ ಜಟಾಯುವಿಗೆ ಕೈಮುಗಿಯುವ ಜನರೇ ರಣಹದ್ದು ಮನೆಯ ಮೇಲೆ ಕುಳಿತರೆ ಅಪಶಕುನವೆಂದು ಬೆದರುತ್ತಿದ್ದರು. ಬೋಳು ತಲೆ, ಬಾಗಿದ ಕತ್ತು, ಹೆಣದ ನಾತ ಇವುಗಳ ನಡುವೆ ಮೆಚ್ಚಿಕೊಳ್ಳುವಂಥದ್ದೇನೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಈ ಹಕ್ಕಿ ಭಾರತದ ಆಕಾಶದಿಂದ ಮರೆಯಾದಾಗ ದೇಶ ತೆತ್ತ ಬೆಲೆ ಲಕ್ಷಾಂತರ ಮನುಷ್ಯರ ಜೀವ ಎಂಬುದು ಈಗ ತಿಳಿದುಬಂದಿದೆ.

ಹಿಂದಿನ ಹಳ್ಳಿಗಳಲ್ಲಿ ದನ ಸತ್ತರೆ ಅದನ್ನು ಊರ ಹೊರಗಿನ ಬಯಲಿಗೆ ಸಾಗಿಸುತ್ತಿದ್ದರು. ಚರ್ಮ ಸುಲಿಯುವ ಕೆಲಸವನ್ನು ಜಾತಿಯ ಹೆಸರಿನಲ್ಲಿ ಕೆಲವರ ಮೇಲೆ ಹೊರಿಸಲಾಗಿತ್ತು. ಆ ಕೆಲಸ ಮಾಡಿದರೆಂಬ ಕಾರಣಕ್ಕೇ ಅವರನ್ನು ದೂರವಿಡಲಾಗುತ್ತಿತ್ತು. ಚರ್ಮ ಹೋದ ಮೇಲೆ ಉಳಿದದ್ದು ರಣಹದ್ದುಗಳ ಪಾಲು. ಅವು ಹಿಂಡಾಗಿ ಇಳಿದರೆ ಒಂದು ಗಂಟೆಯೊಳಗೆ ಎಲುಬಿನ ಹಂದರವಷ್ಟೇ ಮಿಗುತ್ತಿತ್ತು. ಆ ಎಲುಬನ್ನು ಆಯ್ದು ಗೊಬ್ಬರದ ಕಾರ್ಖಾನೆಗಳಿಗೆ ಮಾರಿ ಬದುಕುವವರೂ ಇದ್ದರು. ರಣಹದ್ದಿನ ಜಠರದ ಆಮ್ಲ ಬಹಳ ತೀಕ್ಷ್ಣವಾದುದು. ಬೇರೆ ಪ್ರಾಣಿಗಳನ್ನು ಕೊಲ್ಲಬಲ್ಲ ರೋಗಾಣುಗಳಲ್ಲಿ ಹೆಚ್ಚಿನವು ಅಲ್ಲೇ ನಾಶವಾಗುತ್ತವೆ. ಹಾಗಾಗಿ ಕೊಳೆತ ಮಾಂಸದಿಂದ ನೀರಿಗೂ ನೆಲಕ್ಕೂ ಹರಡಬೇಕಾದ ರೋಗ ಹಕ್ಕಿಯ ಹೊಟ್ಟೆಯಲ್ಲೇ ಮುಗಿದುಹೋಗುತ್ತಿತ್ತು.

ಈ ಕೆಲಸ ಎಷ್ಟು ದೊಡ್ಡದೆಂಬುದನ್ನು ಅರಿಯಲು ಒಂದು ಲೆಕ್ಕ ಸಾಕು. 1992ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 20 ಕೋಟಿಗೂ ಹೆಚ್ಚು ದನಗಳೂ 8 ಕೋಟಿಗೂ ಹೆಚ್ಚು ಎಮ್ಮೆಗಳೂ ಇದ್ದವು. ಗೋಮಾಂಸ ತಿನ್ನದವರೇ ಹೆಚ್ಚಿರುವ ಈ ದೇಶದಲ್ಲಿ ಮುಪ್ಪಿನಿಂದಲೋ ಕಾಯಿಲೆಯಿಂದಲೋ ಸಾಯುವ ದನಗಳ ಸಂಖ್ಯೆ ಸಹಜವಾಗಿಯೇ ದೊಡ್ಡದು. ಅವನ್ನು ಹೂಳಲು ಯಾವ ಸರ್ಕಾರವೂ ಹಣ ತೆಗೆದಿಟ್ಟಿರಲಿಲ್ಲ, ತೆಗೆದಿಡುವ ಅಗತ್ಯವೂ ಬಂದಿರಲಿಲ್ಲ. ಮುಂಬಯಿಯ ಪಾರ್ಸಿಗಳಂತೂ ಹದಿನೇಳನೆಯ ಶತಮಾನದಿಂದ ಮಲಬಾರ್ ಹಿಲ್‌ನ ಮೌನ ಗೋಪುರಗಳಲ್ಲಿ ತಮ್ಮವರ ಪಾರ್ಥಿವ ಶರೀರಗಳನ್ನೇ ಈ ಹಕ್ಕಿಗಳಿಗೆ ಒಪ್ಪಿಸುತ್ತ ಬಂದಿದ್ದರು. ಬೆಂಕಿ, ನೀರು, ಮಣ್ಣು ಮೈಲಿಗೆಯಾಗಬಾರದೆಂಬ ಅವರ ಧರ್ಮದ ನಿಯಮ ನಡೆಯುತ್ತಿದ್ದುದು ರಣಹದ್ದಿನ ಆಸರೆಯಿಂದ.

ನಿಸರ್ಗ ಹೀಗೆ ಬಿಟ್ಟಿಯಾಗಿ ಮಾಡಿಕೊಡುವ ಕೆಲಸಗಳಿಗೆ ವಿಜ್ಞಾನಿಗಳು ‘ಪರಿಸರ ವ್ಯವಸ್ಥೆಯ ಸೇವೆಗಳು’ ಎಂಬ ಹೆಸರನ್ನು ಬಳಕೆಗೆ ತಂದದ್ದು 1980ರ ದಶಕದಲ್ಲಿ. ಜೇನ್ನೊಣ ಪರಾಗ ಸಾಗಿಸುವುದು, ಕಾಡು ಮಳೆನೀರನ್ನು ಇಂಗಿಸುವುದು, ಎರೆಹುಳು ಮಣ್ಣನ್ನು ಹದಮಾಡುವುದು ಎಲ್ಲವೂ ಈ ಮಾತಿನೊಳಗೆ ಬರುತ್ತವೆ. 1997ರಲ್ಲಿ ರಾಬರ್ಟ್ ಕೊಸ್ಟಾಂಜ ಮತ್ತು ಸಂಗಡಿಗರು ಇಡೀ ಭೂಮಿಯ ಇಂಥ ಸೇವೆಗಳಿಗೆ ವರ್ಷಕ್ಕೆ 33 ಲಕ್ಷ ಕೋಟಿ ಡಾಲರ್ ಬೆಲೆ ಕಟ್ಟಿದಾಗ, ಗಾಳಿಗೂ ಹುಳುವಿಗೂ ಬೆಲೆ ಕಟ್ಟುವುದುಂಟೆ ಎಂದು ಅನೇಕರು ಹುಬ್ಬೇರಿಸಿದರು. ಅದೇ ವರ್ಷಗಳಲ್ಲಿ ಭಾರತದಲ್ಲಿ ಅಂಥದೊಂದು ಸೇವೆ ಸದ್ದಿಲ್ಲದೆ ನಿಂತುಹೋಗುತ್ತಿತ್ತು.

ರಾಜಸ್ತಾನದ ಭರತಪುರದ ಕೇವಲಾದೇವ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ 1987-88ರಲ್ಲಿ ಬಿಳಿಬೆನ್ನಿನ ರಣಹದ್ದಿನ 353 ಗೂಡುಗಳನ್ನು ಎಣಿಸಿದ್ದರು. 1996ರ ವೇಳೆಗೆ ಅವು 150ರ ಆಸುಪಾಸಿಗೆ ಇಳಿದಿದ್ದವು. ಕೊಂಬೆಗಳ ಮೇಲೆ ಕತ್ತು ಜೋಲುಬಿಟ್ಟು ಕೂತ ಹಕ್ಕಿಗಳು ಕೆಲದಿನಗಳಲ್ಲಿ ಸತ್ತು ಬೀಳುತ್ತಿದ್ದವು. ಕೆಲವೇ ವರ್ಷಗಳಲ್ಲಿ ಅಲ್ಲಿ ಒಂದು ಗೂಡೂ ಉಳಿಯಲಿಲ್ಲ. 1992ರಿಂದ 2007ರೊಳಗೆ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ಶೇ 99.9ರಷ್ಟು, ಉದ್ದಕೊಕ್ಕಿನ ಬಗೆಗಳು ಸುಮಾರು ಶೇ 97ರಷ್ಟು ಇಲ್ಲವಾದವು.

ಮೊದಲಿಗೆ ಇದು ಯಾವುದೋ ವೈರಾಣುವಿನ ಕಾಟವಿರಬೇಕೆಂದು ಊಹಿಸಲಾಯಿತು. ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಅಲ್ಲಿ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದ ಅಮೆರಿಕದ ಪಶುವೈದ್ಯ ಲಿಂಡ್ಸೆ ಓಕ್ಸ್ ಮತ್ತು ತಂಡಕ್ಕೆ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಬಿಳಿ ಪದರ ಕಂಡಿತು. ಮೂತ್ರಪಿಂಡಗಳು ಕೆಟ್ಟುಹೋಗಿದ್ದವು. ಹಕ್ಕಿಗಳ ದೇಹದಲ್ಲಿ ಸಿಕ್ಕಿದ್ದು ಡೈಕ್ಲೊಫಿನಾಕ್ ಎಂಬ ನೋವುನಿವಾರಕ. 2004ರಲ್ಲಿ ಈ ಶೋಧ ಪ್ರಕಟವಾಯಿತು.

ಡೈಕ್ಲೊಫಿನಾಕ್ ಮನುಷ್ಯರಿಗೆ ಬಹುಕಾಲದಿಂದ ಗೊತ್ತಿದ್ದ ಮದ್ದು. 1990ರ ದಶಕದ ಆರಂಭದಲ್ಲಿ ಅದರ ಪೇಟೆಂಟ್ ಅವಧಿ ಮುಗಿದು ಅಗ್ಗದ ಚುಚ್ಚುಮದ್ದು ಮಾರುಕಟ್ಟೆಗೆ ಬಂತು. ಕಾಲು ಕುಂಟುವ ಎತ್ತಿಗೆ, ಕೆಚ್ಚಲು ಬಾತ ಹಸುವಿಗೆ ರೈತರು ಅದನ್ನು ಹಾಕಿಸತೊಡಗಿದರು. ಇಲ್ಲಿ ಯಾರಲ್ಲೂ ಕೆಡುಕಿನ ಉದ್ದೇಶವಿರಲಿಲ್ಲ. ಮೂಕಪ್ರಾಣಿಯ ನೋವು ನೋಡಲಾರದೆ ಕೊಡಿಸಿದ ಮದ್ದು ಅದು. ಚುಚ್ಚುಮದ್ದು ಪಡೆದ ಕೆಲವೇ ದಿನಗಳಲ್ಲಿ ದನ ಸತ್ತರೆ ಅದರ ಮಾಂಸ ರಣಹದ್ದಿಗೆ ವಿಷವಾಗುತ್ತಿತ್ತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಈ ಮದ್ದು ಇದ್ದರೂ ಸಂತತಿ ಇಷ್ಟು ವೇಗವಾಗಿ ಕುಸಿಯಬಲ್ಲದೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಒಂದೇ ಹೆಣದ ಮೇಲೆ ಹತ್ತಾರು ಹಕ್ಕಿಗಳು ಎರಗುತ್ತವೆ. ಸತ್ತವುಗಳ ಜಾಗ ತುಂಬಲು, ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಪ್ರಾಯಕ್ಕೆ ಬರಲು ಐದು ವರ್ಷದಷ್ಟು ಬೇಕು.

ಹಕ್ಕಿ ಹೋದರೂ ದನ ಸಾಯುವುದು ನಿಲ್ಲಲಿಲ್ಲ. ಬಯಲಿನಲ್ಲಿ ಹೆಣಗಳು ಕೊಳೆತವು, ಕೆಲವು ಹಳ್ಳಕ್ಕೂ ಹೊಳೆಗೂ ಬಿದ್ದವು. ಆ ಮಾಂಸಕ್ಕೆ ಬೀದಿನಾಯಿಗಳು ಬಂದವು. ನಾಯಿ ರಣಹದ್ದಿನಂತೆ ಚೊಕ್ಕಟವಾಗಿ ತಿನ್ನುವುದಿಲ್ಲ. ಜೊತೆಗೆ ಹುಚ್ಚುನಾಯಿ ರೋಗವನ್ನೂ ಹೊತ್ತು ತಿರುಗುತ್ತದೆ. 1992ರಿಂದ 2006ರವರೆಗೆ ನಾಯಿಗಳ ಈ ಹೆಚ್ಚಳದಿಂದ ರೇಬಿಸ್‌ಗೆ ಬಲಿಯಾದವರು ಸುಮಾರು 48 ಸಾವಿರ ಎಂದು 2008ರ ಅಧ್ಯಯನವೊಂದು ಅಂದಾಜು ಮಾಡಿತು. ಮುಂಬಯಿಯ ಪಾರ್ಸಿಗಳು ಮೌನ ಗೋಪುರಗಳಲ್ಲಿ ಬಿಸಿಲನ್ನು ಕೇಂದ್ರೀಕರಿಸುವ ಸಾಧನಗಳನ್ನು ಕೂರಿಸಬೇಕಾಯಿತು. ಮಳೆಗಾಲದ ಮೋಡದ ಕೆಳಗೆ ಅವು ಕೆಲಸಕ್ಕೆ ಬರುವುದು ಕಷ್ಟ.

ಇದಕ್ಕಿಂತ ದೊಡ್ಡ ಲೆಕ್ಕ ಹೊರಬಂದದ್ದು 2024ರಲ್ಲಿ. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಭಾರತದ ಜಿಲ್ಲೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು: ರಣಹದ್ದುಗಳ ವಾಸಕ್ಕೆ ಒಗ್ಗುವಂಥವು, ಮೊದಲಿನಿಂದಲೂ ಅಷ್ಟಾಗಿ ಒಗ್ಗದಂಥವು. ಅಗ್ಗದ ಮದ್ದು ಬರುವ ಮೊದಲು ಎರಡೂ ಕಡೆಯ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿತ್ತು. ಬಂದ ಮೇಲೆ ಮೊದಲ ಬಗೆಯ ಜಿಲ್ಲೆಗಳಲ್ಲಿ ಅದು ಶೇ 4ಕ್ಕೂ ಹೆಚ್ಚು ಏರಿತು. ರೇಬಿಸ್ ಲಸಿಕೆಯ ಮಾರಾಟ ಏರಿತು, ನೀರಿನ ಗುಣಮಟ್ಟ ಕುಸಿಯಿತು. 2000ದಿಂದ 2005ರವರೆಗೆ ವರ್ಷಕ್ಕೆ ಸರಾಸರಿ ಒಂದು ಲಕ್ಷ, ಒಟ್ಟು ಐದು ಲಕ್ಷದಷ್ಟು ಹೆಚ್ಚುವರಿ ಸಾವುಗಳಿಗೆ ರಣಹದ್ದಿನ ಅಳಿವು ಕಾರಣವೆಂದು ಅವರು ಅಂದಾಜಿಸಿದರು.

ಜಾನುವಾರುಗಳಿಗೆ ಡೈಕ್ಲೊಫಿನಾಕ್ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಮೆಲಾಕ್ಸಿಕಾಮ್ ಎಂಬ ಬದಲಿ ಮದ್ದು ರಣಹದ್ದುಗಳಿಗೆ ಅಪಾಯಕಾರಿಯಲ್ಲವೆಂಬುದು ಅದೇ ವರ್ಷ ಖಚಿತವಾಯಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುವುದನ್ನು ತಡೆಯಲು 2015ರಲ್ಲಿ ಅವುಗಳ ಅಳತೆಯನ್ನೇ ಕುಗ್ಗಿಸಲಾಯಿತು. ಹಕ್ಕಿಗೆ ವಿಷವಾಗುವ ಇನ್ನೆರಡು ಮದ್ದುಗಳಾದ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫಿನಾಕ್ 2023ರಲ್ಲಿ ನಿಷೇಧಕ್ಕೆ ಒಳಗಾದವು. ಹರಿಯಾಣದ ಪಿಂಜೋರ್‌ನಲ್ಲಿ ರಣಹದ್ದುಗಳನ್ನು ಸಾಕಿ ಮರಿ ಮಾಡಿಸುವ ಕೇಂದ್ರವಿದೆ. ಕುಸಿತದ ವೇಗ ತಗ್ಗಿದೆ, ಆದರೆ ಹಳೆಯ ಸಂಖ್ಯೆ ಮರಳಿಲ್ಲ.

ಕರ್ನಾಟಕದಲ್ಲಿ ‘ಶೋಲೆ’ ಚಿತ್ರದಿಂದ ಹೆಸರಾದ ರಾಮನಗರದ ಬಂಡೆಗಳ ನಡುವೆ, ರಾಮದೇವರ ಬೆಟ್ಟದ ಕಡಿದಾದ ಕಲ್ಲುಗೋಡೆಗಳು ಉದ್ದಕೊಕ್ಕಿನ ರಣಹದ್ದುಗಳ ನೆಲೆ. 2012ರಲ್ಲಿ ಸರ್ಕಾರ ಅಲ್ಲಿನ 346 ಹೆಕ್ಟೇರನ್ನು ರಣಹದ್ದು ಧಾಮವೆಂದು ಘೋಷಿಸಿತು. ದೇಶದಲ್ಲಿ ಇದೇ ಮೊದಲನೆಯದು. ಬೆಟ್ಟಕ್ಕೆ ಬೇಲಿ ಹಾಕಬಹುದು, ಹಕ್ಕಿಗೆ ಹಾಕಲಾಗದು. ಆಹಾರ ಹುಡುಕಿ ಅದು ದಿನಕ್ಕೆ ಹತ್ತಾರು ಮೈಲಿ ಹಾರುತ್ತದೆ. ಧಾಮದ ಗಡಿಯಾಚೆ ಯಾವುದೋ ಊರಿನ ಕೊಟ್ಟಿಗೆಯಲ್ಲಿ ಕಾಯಿಲೆ ಬಿದ್ದ ಹಸುವಿಗೆ ಯಾವ ಮದ್ದು ಚುಚ್ಚುತ್ತಾರೆ ಎಂಬುದರ ಮೇಲೆ ಆ ಕಲ್ಲುಗೋಡೆಯ ಗೂಡಿನ ಮರಿ ಬದುಕುವುದೋ ಇಲ್ಲವೋ ಎಂಬುದು ನಿಂತಿದೆ.